ದೋಸ್ತನಿಗೊಂದು ಕಿವಿಮಾತು

ದೋಸ್ತಾ,

ಫೋನ್ ಮಾಡಿದರೆ ನೀನು 'ಮೀಟಿಂಗಲ್ಲಿದ್ದೇನೆ' ಅನ್ನುತ್ತೀಯ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ. ಓದಿಲ್ಲ ಅಂತ ಇನ್ನು ಹೇಳೋ ಹಾಗಿಲ್ಲ.

ನಾವೀಗ ಕುಮಟಾ ಕಡೆ, ಅಘನಾಶಿನಿ ಊರಲ್ಲಿ, ಒಂದು ಹೆಂಚಿನ ಕಾಟೇಜಿನಲ್ಲಿದ್ದೇವೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅಳಿವೆ, ಅದರಾಚೆ ತದಡಿ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರದ ಜೊತೆ ಈ ಅಳಿವೆಯೂ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ, ಸೇರಿತಲ್ಲ. ಅದಕ್ಕೆ ಎಷ್ಟೋ ಮುಂಚೆ ನಾವಿಬ್ಬರೂ ಇಲ್ಲಿಗೆ ಬರಬೇಕಿತ್ತು. ನಿನ್ನ ಹಸಿರು ಛತ್ರಿಯಿಂದ ಎಲ್ಲ ಹಾಳಾಯ್ತು. ಇರಲಿ, ಆ ಕತೆ ಇಲ್ಲಿ ಬೇಡ, ಹೆಂಗಸರು ಮಕ್ಕಳು ಓದುತ್ತಾರೆ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ನೀರು ಇಳಿದಾಗ ಅಳಿವೆಯ ಕೆಸರು ಮೇಲೆ ಬರುತ್ತದೆ. ಬಳಚು, ಅದೇ ಚಿಪ್ಪುಮೀನು, ಹೆಕ್ಕುವವರು ಇಳಿಯುತ್ತಾರೆ, ಹಕ್ಕಿಗಳೂ ಇಳಿಯುತ್ತವೆ. ಇಬ್ಬರಿಗೂ ಒಂದೇ ಕೆಸರು, ಹೆಚ್ಚೂ ಕಡಿಮೆ ಒಂದೇ ಊಟ. ಪುಟ್ಟ ಪ್ಲೋವರ್‌ಗಳು ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಒಂದು ಸಲ ಕುಕ್ಕುತ್ತವೆ, ಮತ್ತೆ ಓಟ. ನಾವು ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತಿದ್ದೆವಲ್ಲ, ಅದನ್ನೀಗ ಎರಡು ಜಾತಿ ಮಾಡಿದ್ದಾರೆ. ನಮ್ಮ ಕಡೆ ಬರೋದು ಟಿಬೆಟನ್ ಅಂತೆ. ನಿನ್ನ ಹಳೇ ಪುಸ್ತಕದಲ್ಲಿ ಇನ್ನು ಕಡಲೆಕಾಯಿ ಕಟ್ಟಬಹುದು. ಕಂದು ತಲೆಯ ಕಡಲಕ್ಕಿಗಳೂ ಬಂದಿವೆ. ಚಳಿಗಾಲದಲ್ಲಿ ಅವುಗಳ ತಲೆ ಬಿಳಿ, ಕಿವಿಯ ಹತ್ತಿರ ಮಾತ್ರ ಒಂದು ಕಪ್ಪು ಚುಕ್ಕೆ. ಊರಿಗೆ ಹೊರಡೋ ಹೊತ್ತಿಗೆ ತಲೆ ಕಂದು ಆಗುತ್ತದೆ. ಥೇಟ್ ನೀನು, ಮದುವೆ ಮನೆಗೆ ಹೊರಟಾಗ.

ನಿನ್ನೆ ಬೆಳಿಗ್ಗೆ ಗಜನಿ ಕಟ್ಟೆಯ ಮೇಲೆ ಹೋಗಿದ್ದೆ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರಲ್ಲ, ಆ ಗದ್ದೆಗಳು. ಕಾಟೇಜಿನವರ ಹುಡುಗ ಜೊತೆಗಿದ್ದ. ನೀರು ಬಿಡುವ ಜಂತ್ರಡಿಯ ಹತ್ತಿರ ನಿಂತು, "ಕೇಳ್ತಾ?" ಅಂದ. ನನಗೆ ಕೇಳಿದ್ದು ದೂರದ ದೋಣಿಯ ಇಂಜಿನ್ನು. ಸುಮ್ನೆ "ಹ್ಞಾಂ, ಕೇಳ್ತು" ಅಂದೆ. ಯಾವ ಹಕ್ಕಿ ಅಂತ ಕೇಳಿಬಿಟ್ಟರೆ ಕಷ್ಟ ಅಂತ ಮೊಬೈಲ್ ತೆಗೆದು, ಕೂಗು ಕೇಳಿ ಹಕ್ಕಿಯ ಹೆಸರು ಹೇಳೋ ಮರ್ಲಿನ್ ಆ್ಯಪ್ ಆನ್ ಮಾಡಿದೆ. ಪರದೆಯ ಮೇಲೆ ಮಿಂಚುಳ್ಳಿಯ ಹೆಸರು ಬಂತು, ಸಣ್ಣ ಮಿಂಚುಳ್ಳಿ. ಅದು ಕೂಗಿದಾಗೆಲ್ಲ ಆ ಹೆಸರಿನ ಸಾಲು ಹಳದಿಯಾಗುತ್ತದೆ, ಗೊತ್ತಲ್ಲ. ಹಳದಿ ಆಯ್ತು. ಆರಿತು. ಮತ್ತೆ ಹಳದಿ. ಹುಡುಗ ಪ್ರತಿ ಸಲ ತಲೆ ಎತ್ತುತ್ತಿದ್ದ. ನನಗೆ ಒಂದು ಚೂರೂ ಕೇಳಲಿಲ್ಲ. ಆಮೇಲೆ ಮೂಗಿನ ಮುಂದೆಯೇ ನೀಲಿ ಗೆರೆ ಎಳೆದ ಹಾಗೆ ಹಾರಿಹೋಯ್ತು.

ಇದು ನಿನ್ನೆ ಶುರುವಾದದ್ದಲ್ಲ ಮಾರಾಯ. ಹೋದ ವರ್ಷ ಗಣೇಶಗುಡಿಯಲ್ಲಿ ನೀನು ಬೆರಳೆತ್ತಿ "ಶ್" ಅಂದಾಗೆಲ್ಲ ನಾನು ತಲೆಯಾಡಿಸಿದೆನಲ್ಲ, ಅರ್ಧಕ್ಕರ್ಧ ನಿನ್ನ ಮುಖ ನೋಡಿ ಆಡಿಸಿದ್ದು. ವಯಸ್ಸಾದಂತೆ ಎತ್ತರದ ಸ್ವರಗಳೇ ಮೊದಲು ಹೋಗುತ್ತವಂತೆ. ಕರ್ಲ್ಯೂ ಕೇಳುತ್ತದೆ, ಟಿಟ್ಟಿಭ ಕೇಳುತ್ತದೆ. ಸಣ್ಣವೆಲ್ಲ ಒಂದೊಂದಾಗಿ ಬಾಯಿ ಮುಚ್ಚಿಕೊಂಡಿವೆ. ಕಾಡಿನಲ್ಲಿ ಈಗ ಹಕ್ಕಿಗಳೇ ಇಲ್ಲ ಅಂತ ನಾನು ಭಾಷಣ ಬಿಗಿಯುತ್ತಿದ್ದೆನಲ್ಲ, ಅದರಲ್ಲಿ ಕಾಡಿನ ಪಾಲೆಷ್ಟು, ನನ್ನ ಪಾಲೆಷ್ಟು ಅಂತ ಈಗ ಯೋಚನೆ ಹತ್ತಿದೆ.

ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅಪ್ಪ ನಿನಗೆ ಗೊತ್ತಲ್ಲ, ಮಾತೆತ್ತಿದರೆ ಜಗಳ. ಕೊನೆಯ ವರ್ಷಗಳಲ್ಲಿ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಎಲ್ಲರೂ ನಕ್ಕ ಮೇಲೆ, ಸ್ವಲ್ಪ ತಡವಾಗಿ ನಗುತ್ತಿದ್ದರು. ಅಪ್ಪ ಎಷ್ಟು ಶಾಂತವಾಗಿದ್ದಾರೆ ಅಂತ ನಾವೆಲ್ಲ ಮೆಚ್ಚಿಕೊಂಡೆವು. ನೀನೂ ಅಂದಿದ್ದೆ. ಒಬ್ಬರಾದರೂ ಹತ್ತಿರ ಕೂತು ಗಟ್ಟಿಯಾಗಿ ಮಾತಾಡಿಸಲಿಲ್ಲ. ಜಗಳ ನಿಂತಿದ್ದೇ ನಮಗೆ ಸಾಕಾಗಿತ್ತು.

ಮೊನ್ನೆ ಊಟಕ್ಕೆ ಕೂತಾಗ ಇವಳು ಅಂದಳು, "ನೀವು ಈಚೆಗೆ ತುಂಬಾ ಶಾಂತ ಆಗಿದ್ದೀರಿ, ಅಲ್ವಾ?" ತುತ್ತು ಗಂಟಲಲ್ಲೇ ನಿಂತಿತು. ಬಂಗುಡೆ ಮುಳ್ಳು ಅಂದೆ.

ಅಯ್ಯೋ, ಇಷ್ಟೆಲ್ಲ ಯಾಕೆ ಬರೆದೆ? ಉಪ್ಪುಗಾಳಿ ಜಾಸ್ತಿಯಾಗಿರಬೇಕು. ಹೇಗೂ ಇವಳೂ ಇದನ್ನು ಓದುತ್ತಾಳೆ, ಡಾಕ್ಟರ ಹತ್ತಿರ ಹೋಗುವುದು ತಪ್ಪಿದ್ದಲ್ಲ. ಕಿವಿಗೆ ಮಿಷನ್ ಹಾಕು ಅಂದರೆ ಹಾಕುತ್ತೇನೆ. ಬೇಡವಾದಾಗ ಆಫ್ ಮಾಡೋ ಸೌಕರ್ಯ ಇರುತ್ತದಂತೆ. ನಿನ್ನ ಹಾಡಿನ ದಿನಗಳಿಗೆ ಆಯ್ತು.

ಫೆಬ್ರವರಿಯಲ್ಲಿ ನೀನೂ ಬಾ. ಕಡಲಕ್ಕಿಗಳು ಇನ್ನೂ ಇರುತ್ತವೆ. ನೀನು ಕೇಳಿಸಿಕೋ, ನಾನು ನೋಡಿ ಹೆಸರು ಹೇಳುತ್ತೇನೆ. ರೂಮು ಮಾತ್ರ ಬೇರೆ ಬೇರೆ ಮಾಡೋಣ. ಹೋಗುವುದು ಎತ್ತರದ ಸ್ವರ ಮೊದಲು ಅಂದೆನಲ್ಲ, ಆ ಲೆಕ್ಕದಲ್ಲಿ ನಿನ್ನ ಗೊರಕೆ ನನಗೆ ಸಾಯುವವರೆಗೂ ಕೇಳುತ್ತದೆ.

ನಿನ್ನವನೇ,
ಅದೇ, ಬಾಡಿಗೆ ಸೈಕಲ್ಲಿನವನು