ಹಿರಿಯರ ಕೋಣೆಗೆ ಹೆಸರು ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಅಜ್ಜ-ಅಜ್ಜಿ, ಮಗ-ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಇರಲೆಂದು ಕಟ್ಟುವ ಮನೆಗಳ ನಕ್ಷೆಯಲ್ಲಿ ನೆಲಮಹಡಿಯ ಒಂದು ಕೋಣೆಗೆ ‘ಹಿರಿಯರ ಕೋಣೆ’ ಎಂದು ಬರೆದಿರುತ್ತದೆ. ಹೆಸರು ಅಳಿಸಿದರೆ ಅದಕ್ಕೂ ಮಹಡಿಯ ಕೋಣೆಗೂ ವ್ಯತ್ಯಾಸವೇ ಇರುವುದಿಲ್ಲ. ಅದೇ ಎರಡೂವರೆ ಅಡಿಯ ಬಾತ್‌ರೂಮ್ ಬಾಗಿಲು, ಒಳಕ್ಕೆ ತೆರೆಯುವ ಕದ, ಎಡವುವಷ್ಟು ಎದ್ದ ಹೊಸ್ತಿಲು. ಇಂಥ ಮನೆಯ ನಕ್ಷೆಯನ್ನು ಎಷ್ಟು ಬೆಡ್‌ರೂಮ್ ಎಂಬ ಲೆಕ್ಕದಿಂದ ಶುರು ಮಾಡಬಾರದು. ಎಲ್ಲರಿಗಿಂತ ಹಿರಿಯರು ನಡುರಾತ್ರಿ ಎದ್ದು ಬಾತ್‌ರೂಮಿಗೆ ಹೋಗಿಬರುವ ದಾರಿಯನ್ನು ಮೊದಲು ಗೆರೆ ಹಾಕಿಕೊಳ್ಳಬೇಕು ಎಂಬುದು, ನಕ್ಷೆ ಮಾಡುವ ಕೆಲಸದಲ್ಲಿರುವ ನಮ್ಮ ಖಚಿತ ಅಭಿಪ್ರಾಯ.

ಬಾಗಿಲನ್ನೇ ನೋಡಿ. ನಕ್ಷೆಯಲ್ಲಿ 30 ಇಂಚು ಎಂದಿದ್ದರೆ ಅದು ಗೋಡೆಯಲ್ಲಿ ಬಿಟ್ಟ ಜಾಗ. ಮರದ ಚೌಕಟ್ಟಿಗೆ ಎರಡೂ ಕಡೆ ಎರಡೂವರೆ ಇಂಚಿನಂತೆ 5 ಇಂಚು ಹೋಯಿತು. ತೆರೆದು ನಿಂತ ಕದದ ದಪ್ಪ ಇನ್ನೊಂದು ಇಂಚು ತಿನ್ನುತ್ತದೆ. ಮನುಷ್ಯ ದಾಟಲು ಉಳಿಯುವುದು 24 ಇಂಚು. ದೊಡ್ಡವರ ಗಾಲಿಕುರ್ಚಿ ಸಾಮಾನ್ಯವಾಗಿ 25-26 ಇಂಚು ಅಗಲ ಇರುತ್ತದೆ. ಚಕ್ರ ತಳ್ಳುವ ಕೈಗಳಿಗೆ ಬೇರೆ ಜಾಗ ಬೇಕು. ವಾಕರ್ ಹಿಡಿದವರೂ ಅಲ್ಲಿ ಓರೆಯಾಗಿ ತಿರುಗಬೇಕಾಗುತ್ತದೆ, ಆಯ ತಪ್ಪುವುದು ಆಗಲೇ. ಸಲೀಸಾಗಿ 36 ಇಂಚು ಸಿಗಬೇಕಾದರೆ ಗೋಡೆಯಲ್ಲಿ 42 ಇಂಚು ಬಿಡಿ. ಇಟ್ಟಿಗೆ ಏಳುವ ಮುನ್ನ ಇದು ಪೆನ್ಸಿಲ್ಲಿನ ಕೆಲಸ. ಬಾಗಿಲ ಮೇಲಿನ ಅಡ್ಡ ತೊಲೆ, ಅಂದರೆ ಲಿಂಟಲ್, ಕೂತ ಮೇಲೆ ಸುತ್ತಿಗೆಯ ಕೆಲಸ. ಕದ ಹೊರಕ್ಕೆ ತೆರೆಯಲಿ, ಇಲ್ಲವೇ ಪಕ್ಕಕ್ಕೆ ಸರಿಯಲಿ. ಒಳಗೆ ಕುಸಿದು ಬಿದ್ದವರ ಮೈಯೇ ಒಳತೆರೆವ ಕದಕ್ಕೆ ಅಡ್ಡವಾಗಿ, ಎತ್ತಲು ಬಂದವರು ಹೊರಗೇ ನಿಲ್ಲಬೇಕಾಗುತ್ತದೆ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದ್ದಿರಲಿ.

ಬಾತ್‌ರೂಮಿನ ಒಳಗೆ ಗಾಲಿಕುರ್ಚಿ ಒಂದು ಸುತ್ತು ತಿರುಗಲು 5 ಅಡಿ ವ್ಯಾಸದ ಖಾಲಿ ನೆಲ ಬೇಕು. ಸ್ನಾನದ ಜಾಗಕ್ಕೆ ಗಾಜಿನ ಅಡ್ಡಗೋಡೆ ಹಾಕದಿದ್ದರೆ ಆ ಜಾಗವೂ ಇದಕ್ಕೆ ಒದಗುತ್ತದೆ. ಕಮೋಡ್ ಬಾಗಿಲ ಕಡೆಗೆ, ಸ್ನಾನ ದೂರದ ತುದಿಗೆ ಇರಲಿ. ರಾತ್ರಿ ಒದ್ದೆ ನೆಲ ತುಳಿಯುವುದು ತಪ್ಪುತ್ತದೆ. ನೀರು ಹೊರಬರುತ್ತದೆಂದು ಹೊಸ್ತಿಲು ಎಬ್ಬಿಸುವ ಬದಲು ಸ್ನಾನದ ಕಡೆಗೆ 6 ಅಡಿಗೆ ಒಂದು ಇಂಚು ಇಳಿಜಾರು ಕೊಡಿ. ಅಷ್ಟು ಇಳಿಜಾರು ಸಿಗಬೇಕಾದರೆ ಆ ಜಾಗದ ಸ್ಲ್ಯಾಬ್ ಎಷ್ಟು ತಗ್ಗಿರಬೇಕು ಎಂಬುದು ಕಾಂಕ್ರೀಟ್ ಹಾಕುವ ಮೊದಲೇ ತೀರ್ಮಾನವಾಗಬೇಕು. ಟೈಲ್ಸ್ ಹಾಕುವವರು ಬಂದಾಗ ಕೇಳಿದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹಿಡಿಕೆ ಕಂಬಿಗಳನ್ನು ಆಮೇಲೆ ಹಾಕಿಸಿದರಾಯಿತು ಎನ್ನುವವರೇ ಹೆಚ್ಚು. ಕಂಬಿ ಆಮೇಲೆ ಬರಲಿ, ಗೋಡೆ ಮಾತ್ರ ಈಗಲೇ ಸಿದ್ಧವಾಗಲಿ. ಟೊಳ್ಳು ಬ್ಲಾಕಿನ ಗೋಡೆಗೆ ಸ್ಕ್ರೂ ಹೊಡೆದರೆ ತೆಳು ಚಿಪ್ಪಿನಲ್ಲಷ್ಟೇ ಕೂರುತ್ತದೆ; ಮೈಭಾರ ಬಿದ್ದ ದಿನ ಕಂಬಿ ಟೈಲ್ಸ್ ಸಮೇತ ಕಿತ್ತುಬರುತ್ತದೆ. ಕಮೋಡ್ ಪಕ್ಕದಲ್ಲೂ ಸ್ನಾನದ ಗೋಡೆಯಲ್ಲೂ ನೆಲದಿಂದ 32-34 ಇಂಚು ಎತ್ತರದ ಆಚೀಚೆ ಬರುವ ಬ್ಲಾಕಿನ ಸಾಲುಗಳ ಟೊಳ್ಳಿಗೆ ಕಾಂಕ್ರೀಟ್ ತುಂಬಿಸಿ. ಟೈಲ್ಸ್ ಮುಚ್ಚುವ ಮುನ್ನ ಟೇಪು ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಎಲ್ಲಿ ಕೊರೆಯಬೇಕೆಂದು ಗೊತ್ತಾಗುತ್ತದೆ. ಕಮೋಡಿನ ಕೂರುವ ಎತ್ತರ 17ರಿಂದ 19 ಇಂಚು ಇದ್ದರೆ ಮಂಡಿ ನೋವಿದ್ದವರು ಏಳುವುದು ಸುಲಭ.

ಹಾಸಿಗೆಯಲ್ಲಿ ಮಲಗಿದಂತೆಯೇ ಕೈಗೆ ಎಟುಕುವ ಟೂ-ವೇ ಸ್ವಿಚ್ (ಒಂದೇ ದೀಪವನ್ನು ಎರಡು ಕಡೆಯಿಂದ ಹಚ್ಚಿ ಆರಿಸುವಂಥದ್ದು), ದಾರಿಯುದ್ದಕ್ಕೂ ಮೊಣಕಾಲಿಗಿಂತ ಕೆಳಗೆ ಸಣ್ಣ ದೀಪ. ಇಷ್ಟನ್ನು ವೈರಿಂಗ್ ಪೈಪು ಹಾಕುವಾಗಲೇ ಹೇಳಿಬಿಡಿ.

ಇನ್ನು ಸದ್ದು. ಒಟ್ಟು ಕುಟುಂಬದ ಮನೆಗಳಲ್ಲಿ ಬೇಸರ ಬೆಳೆಯುವುದಕ್ಕೆ ಎಷ್ಟೋ ಸಲ ಗೋಡೆಗಳೇ ಕಾರಣ, ಪಾಪ ಮನುಷ್ಯರಲ್ಲ. ಕಿವಿ ಮಂದವಾದವರು ಟಿವಿ ಜೋರು ಮಾಡುತ್ತಾರೆ. ನಾಲ್ಕೂವರೆ ಇಂಚಿನ ಗೋಡೆಯಾಚೆ ಕೂಸು ಎದ್ದು ಕೂರುತ್ತದೆ. ಆ ಎರಡು ಕೋಣೆ ಅಂಟಿಕೊಂಡೇ ಬರಬೇಕಾದರೆ ನಡುವೆ 9 ಇಂಚಿನ ಗೋಡೆ ಕಟ್ಟಿ, ಅದಕ್ಕೆ ಉದ್ದಕ್ಕೂ ಬಟ್ಟೆಯ ಕಪಾಟು ಆನಿಸಿ. ಹಿರಿಯರ ತಲೆದಿಂಬಿನ ಮೇಲೆ ಮಹಡಿಯ ಬಾತ್‌ರೂಮ್ ಬಾರದಿರಲಿ. ಪೈಪಿನಲ್ಲಿ ನೀರು ಇಳಿವ ಸದ್ದು ನಸುಕಿನಲ್ಲಿ ನೇರ ಕಿವಿಗೇ ಬೀಳುತ್ತದೆ. ಹಾಗೆಂದು ಅವರನ್ನು ಮನೆಯ ಹಿಂದಿನ ಮೂಲೆಗೆ ತಳ್ಳಬೇಡಿ. ಬಾಗಿಲು ಹಾಲ್‌ಗೆ ನೇರ ತೆರೆಯದೆ ನಾಲ್ಕಡಿ ಅಗಲದ ಗಿಡ್ಡ ಓಣಿಯೊಂದು ತಿರುವು ಕೊಟ್ಟರೆ ಸಾಕು. ಕಿಟಕಿ ಮಾತ್ರ ಜನ ಬಂದುಹೋಗುವ ಕಡೆಗಿರಲಿ.

ಮೆಟ್ಟಿಲಿಗೆ 6 ಇಂಚು ಎತ್ತರ, ಕಾಲಿಡುವ ತುಳಿ 12 ಇಂಚು. ಅದಕ್ಕಿಂತ ಮುಖ್ಯವಾಗಿ ಎಲ್ಲವೂ ಒಂದೇ ಅಳತೆ. ನೆಲಕ್ಕೆ ಗಾರೆ-ಟೈಲ್ಸ್ ಸೇರಿ ಎರಡು ಇಂಚು ಏರುವುದನ್ನು ಮರೆತರೆ ಮೊದಲ ಮೆಟ್ಟಿಲು ನಾಲ್ಕೇ ಇಂಚು ಆಗಿಬಿಡುತ್ತದೆ, ಕಾಲು ಲೆಕ್ಕ ತಪ್ಪುತ್ತದೆ. ಹಿಡಿದು ಹತ್ತುವ ಕೈಕಂಬಿ ಎರಡೂ ಬದಿಗೆ ಬೇಕು. ಅದರ ಸರಳುಗಳ ನಡುವಣ ಸಂದು 4 ಇಂಚು ಮೀರದಿದ್ದರೆ ಕೂಸಿನ ತಲೆ ತೂರುವುದಿಲ್ಲ. ಸರಳು ಲಂಬವಾಗಿರಲಿ, ಅಡ್ಡ ಸರಳು ಮಕ್ಕಳಿಗೆ ಏಣಿ.

ಗಾಲಿಕುರ್ಚಿ ಏರಲು ಮುಂಬಾಗಿಲಿಗೆ ಕಟ್ಟುವ ಇಳಿಜಾರಿಗೆ ಜಾಗ ಸಾಲದೆ ಒದ್ದಾಡುವವರು ಬಹಳ. ಒಂದು ಅಡಿ ಏರಲು 12 ಅಡಿ ಉದ್ದ (1:12) ಎಂಬ ಲೆಕ್ಕದಲ್ಲಿ ಒಂದೂವರೆ ಅಡಿ ಎತ್ತರದ ಪಾಯಕ್ಕೆ 18 ಅಡಿ ಉದ್ದ ಬೇಕು, ಮೇಲೆ ಬಾಗಿಲ ಮುಂದೆ 5 ಅಡಿ ಸಮತಟ್ಟು. ಅಷ್ಟು ಜಾಗವಿಲ್ಲದಿದ್ದರೆ ಪಕ್ಕದ ಬಾಗಿಲೊಂದರ ಮುಂದಿನ ಅಂಗಳವನ್ನೇ ಮಣ್ಣು ತುಂಬಿ ನಿಧಾನಕ್ಕೆ ಏರಿಸುವುದು ಒಳ್ಳೆಯದು.

ನಕ್ಷೆಗೆ ಸಹಿ ಹಾಕುವ ಮುನ್ನ ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಹಿರಿಯರ ಕೋಣೆ, ಬಾತ್‌ರೂಮನ್ನು ನಿಜವಾದ ಅಳತೆಯಲ್ಲಿ ಎಳೆಯಿರಿ. ಹಾಸಿಗೆಯ ಜಾಗದಲ್ಲಿ ಒಂದು ಕುರ್ಚಿ ಹಾಕಿ. ಹಿರಿಯರನ್ನೇ ಕರೆತಂದು, ಅವರದೇ ಕೋಲು ಅಥವಾ ವಾಕರ್ ಕೊಟ್ಟು, ಕುರ್ಚಿಯಿಂದ ಎದ್ದು ಕಮೋಡಿನ ಗುರುತಿನವರೆಗೆ ನಡೆಯಲು ಹೇಳಿ. ಎಲ್ಲಿ ಸುಣ್ಣದ ಗೆರೆ ಅಳಿಸಿತೋ ಅಲ್ಲಿ ನಕ್ಷೆ ತಿದ್ದಿ.

ಇಂತಿ,
ಮನೆ ನಕ್ಷೆ ರಚಿಸುವ ವೃತ್ತಿಯಲ್ಲಿರುವ ಓದುಗರು