ಡೋಸ್ ಜಾಸ್ತಿ ಆದರೆ ಮಗು ಖಚಿತವಾ?

ಮಾನ್ಯರೇ,

ಉಡುಪಿ, ಮಂಗಳೂರಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಜಾಹೀರಾತು ಕಾಣುತ್ತವೆ. ಅಂಡಾಶಯದಲ್ಲಿ ಹೆಚ್ಚು ಅಂಡಾಣು ಬೆಳೆಯಲಿ ಅಂತ ಕೊಡುವ ಹಾರ್ಮೋನ್ ಇಂಜೆಕ್ಷನ್ ಬಗ್ಗೆ ಮಾತ್ರ ಅದರಲ್ಲಿ ಚಕಾರ ಇಲ್ಲ. ಡೋಸ್ ಏರಿಸಿದರೆ ಅಂಡಾಣು ಜಾಸ್ತಿ ಸಿಗಬಹುದು, ಆದರೆ ಗುಣಮಟ್ಟ ಸುಧಾರಿಸುವುದಿಲ್ಲ, ಅದು ಹೆಚ್ಚಾಗಿ ವಯಸ್ಸಿನ ಮೇಲೆ ನಿಂತಿದೆ ಅಲ್ವಾ. ಪಿಸಿಓಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇರುವವರಿಗಂತೂ ಡೋಸ್ ಅತಿಯಾದರೆ ಅಂಡಾಶಯ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ಆಸ್ಪತ್ರೆ ಸೇರಬೇಕಾಗಬಹುದು; ಅಂಥವರಿಗೆ ಆಂಟಗೊನಿಸ್ಟ್ ಪದ್ಧತಿ (ಅಂಡಾಣು ಬೇಗ ಬಿಡುಗಡೆಯಾಗದಂತೆ ತಡೆಯುವ ಔಷಧಿ ಬಳಸುವುದು), ಅಂಡಾಣು ಪಕ್ವವಾಗಲು ಕೊನೆಗೆ ಕೊಡುವ ‘ಟ್ರಿಗರ್’ ಇಂಜೆಕ್ಷನ್ನಿಗೆ ಎಚ್‌ಸಿಜಿ ಹಾರ್ಮೋನ್ ಬದಲು ಬೇರೆ ಔಷಧಿ, ಭ್ರೂಣಗಳನ್ನೆಲ್ಲ ಫ್ರೀಜ್ ಮಾಡಿ ಆಮೇಲೆ ವರ್ಗಾಯಿಸುವುದು, ಇವೆಲ್ಲ ಅಪಾಯ ತಗ್ಗಿಸುತ್ತವೆ.

2021ರ ಎಆರ್‌ಟಿ (ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ) ಕಾಯ್ದೆ ಪ್ರಕಾರ ಕ್ಲಿನಿಕ್‌ನವರು ಖರ್ಚು, ಅಡ್ಡಪರಿಣಾಮ ಎಲ್ಲ ಮೊದಲೇ ತಿಳಿಸಲೇಬೇಕು. ಎಎಂಎಚ್ (ಅಂಡಾಣು ಸಂಗ್ರಹ ಎಷ್ಟಿದೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ) ಎಷ್ಟಿದೆ, ಈ ಪದ್ಧತಿ ಯಾಕೆ ಅಂತ ಕೇಳಿ. ಡಾಕ್ಟ್ರಿಗೆ ಸಿಟ್ಟು ಬರುತ್ತದೆ ಅಂತ ಸುಮ್ನೆ ಕೂರಬೇಡಿ ಮಾರಾಯ್ರೆ.

– ಓದುಗರೊಬ್ಬರು, ಉಡುಪಿ