ಹಾಡು ಹೊಳೆದ ಮೇಲೂ ಕೆಲಸ ಇರುತ್ತದೆ

ಮಾನ್ಯರೇ,

ಮೊನ್ನೆ ಶಿವಮೊಗ್ಗದ ಕಾಲೇಜೊಂದರಲ್ಲಿ ಸ್ಥಳದಲ್ಲೇ ಹಾಡು ಬರೆಯುವ ಸ್ಪರ್ಧೆ ಇತ್ತು. ನಾನು ಕೀಬೋರ್ಡ್ ನುಡಿಸಲು ಹೋಗಿದ್ದೆ. ಟ್ಯೂನ್ ಕೊಟ್ಟು ಒಂದು ಗಂಟೆ ಟೈಮ್. ಮಕ್ಕಳು ಚೆನ್ನಾಗಿಯೇ ಬರೆದರು. ಆದರೆ ವೇದಿಕೆ ಮೇಲಿದ್ದವರು 'ಒಳ್ಳೇ ಹಾಡು ತಾನಾಗೇ ಬರುತ್ತೆ, ತಿದ್ದಿದರೆ ಜೀವ ಹೋಗುತ್ತೆ' ಎಂದು ಮತ್ತೆ ಮತ್ತೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ.

ಪಲ್ಲವಿಯ ಮೊದಲ ಸಾಲಿನ ಮಟ್ಟಿಗೆ ಒಪ್ಪುತ್ತೇನೆ. ಒಮ್ಮೆ ಆಗುಂಬೆ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಾಗ 'ಜಡಿಮಳೆ ನಿಂತಿಲ್ಲ, ನೀನಿನ್ನೂ ಬಂದಿಲ್ಲ' ಅಂತ ಒಂದು ಸಾಲು ಹೊಳೆಯಿತು. ಮನೆಗೆ ಬಂದು, ಸ್ವಲ್ಪ ಗಂಭೀರವಾಗಿರಲಿ ಅಂತ ಜಡಿಮಳೆ ತೆಗೆದು ವರ್ಷಧಾರೆ ಹಾಕಿದೆ. ಹಾಡು ಅಲ್ಲೇ ಸಪ್ಪೆಯಾಯಿತು. ಹಳೇ ಪದವನ್ನೇ ವಾಪಸ್ ತರಬೇಕಾಯಿತು.

ಚರಣದ ವಿಷಯ ಬೇರೆ. ಅಲ್ಲಿ ಟ್ಯೂನಿಗೆ ಅಕ್ಷರ ಕೂರಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ ಆಗುತ್ತದೆ, ಅಲ್ವಾ? ಅವತ್ತು ಒಬ್ಬ ಹುಡುಗಿ 'ಬಳೆಯ ಸದ್ದು' ಎಂದು ಬರೆದಿದ್ದಳು. ಟ್ಯೂನ್ ಮೊದಲ ಅಕ್ಷರವನ್ನು ಎಳೆಯುತ್ತಿತ್ತು. ಹಾಡಿದಾಗ ಕೇಳಿಸಿದ್ದು 'ಬಾಳೆಯ ಸದ್ದು'! ಸಭೆ ನಕ್ಕಿತು, ಅವಳು ಮುಖ ತಗ್ಗಿಸಿದಳು. ನನಗೆ ತುಂಬಾ ಬೇಜಾರಾಯಿತು. ಇನ್ನೊಂದು ಸಂಜೆ ಸಿಕ್ಕಿದ್ದರೆ, ನಾಲ್ಕು ಸಲ ಹಾಡಿಕೊಂಡಿದ್ದರೆ, 'ಕೈಬಳೆ ಸದ್ದು' ಅಂತ ಅವಳೇ ಮಾಡಿಕೊಳ್ಳುತ್ತಿದ್ದಳು. 'ಕೈ' ಎಷ್ಟು ಎಳೆದರೂ ಕೈಯೇ. ಬಳೆಯೂ ಉಳಿಯುತ್ತಿತ್ತು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ 'ಯೆಸ್ಟರ್ಡೇ' ಹಾಡಿನ ಟ್ಯೂನ್ ನಿದ್ದೆಯಲ್ಲಿ ಬಂದಿತ್ತು. ಪದ ಸಿಗದೆ ಮೊಟ್ಟೆ ತಿಂಡಿಯ ಬಗ್ಗೆ ಡಮ್ಮಿ ಸಾಲು ಹಾಕಿ ತಿಂಗಳುಗಟ್ಟಲೆ ಹಾಡಿಕೊಂಡಿದ್ದರು. ಈಗಿನ ಸಾಹಿತ್ಯ ಕೂಡಿಬಂದದ್ದು 1965ರಲ್ಲಿ, ಪೋರ್ಚುಗಲ್‌ನಲ್ಲಿ ಕಾರಿನಲ್ಲಿ ಹೋಗುವಾಗ. ಕನಸಿನಲ್ಲಿ ಬಂದದ್ದಕ್ಕೂ ಅಷ್ಟು ಕಾಯಬೇಕಾಯಿತು.

ಅಷ್ಟು ದೂರ ಯಾಕೆ, ನಮ್ಮ ಸಾಗರ, ಹೊಸನಗರದ ಕಡೆಯ ತಾಳಮದ್ದಳೆಯನ್ನೇ ನೋಡಿ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ. ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು ಆ ಕ್ಷಣಕ್ಕೆ ಹುಟ್ಟುವಂಥದ್ದು. ಆದರೆ ಆ ಮಾತು ಸುಮ್ನೆ ಹುಟ್ಟುವುದಿಲ್ಲ, ವರ್ಷಗಟ್ಟಲೆ ಓದಿ, ಕೇಳಿ ಬಂದವರಿಗೇ ಅದು ಒದಗುತ್ತದೆ.

ಆಯೋಜಕರಲ್ಲಿ ಒಂದು ಮನವಿ. ಮುಂದಿನ ಸಲ ಸ್ಪರ್ಧೆಯನ್ನು ಎರಡು ದಿನ ಇಡಿ. ಮೊದಲ ದಿನ ಹೊಳೆದದ್ದನ್ನು ಬರೆಯಲಿ. ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಲಿ. ಮರುದಿನ ತಿದ್ದಿ ಹಾಡಲಿ. ಎರಡೂ ಪ್ರತಿಗಳು ತೀರ್ಪುಗಾರರ ಮುಂದಿರಲಿ, ಯಾವ ಸಾಲನ್ನು ಉಳಿಸಿಕೊಂಡರು ಎಂಬುದಕ್ಕೂ ಅಂಕ ಸಿಗಲಿ. ಹಾಗೆ ಮಾಡುವುದಾದರೆ ಎರಡೂ ದಿನ ಸಂಭಾವನೆ ಇಲ್ಲದೆ ಕೀಬೋರ್ಡ್ ನುಡಿಸಲು ನಾನು ಸಿದ್ಧ. ಆ ಹುಡುಗಿಯನ್ನೂ ತಪ್ಪದೆ ಕರೆಯಿರಿ.

– ಆರ್ಕೆಸ್ಟ್ರಾ ಕೀಬೋರ್ಡ್ ವಾದಕ, ಸಾಗರ